ಎಡಗಡೆಯಲ್ಲಿ ಕುಳಿತವರು

ಅಸುನ್ಸಿಯೋನ್ ನಗರದ ಹಳೆಯ ಸಂತೆಕಟ್ಟೆಯಲ್ಲಿ ಮದ್ದಿನ ಸೊಪ್ಪು ಮಾರುವ ಹೆಂಗಸರು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಎಳೆ ಬೇರೆ. ಅವರಲ್ಲೊಬ್ಬಳಾದ ನಿಮಿಯಾಳಿಗೆ, ಹಿರಿಯ ಹೆಂಗಸರನ್ನು ಅಲ್ಲಿ ಗೌರವದಿಂದ ಕರೆಯುವಂತೆ ನ್ಯಾ ನಿಮಿಯಾಳಿಗೆ, ಬಡಿದ ಬೈಕು ಕೆಂಪು ಬಣ್ಣದ್ದು ಎನ್ನುವವರುಂಟು. ಬೈಕೇ ಅಲ್ಲ, ಕಲ್ಲಂಗಡಿ ತುಂಬಿದ ಗಾಡಿ ಎನ್ನುವವರೂ ಉಂಟು. ಕಥೆಯ ನಡುಗಂಬ ಮಾತ್ರ ಎಲ್ಲರಲ್ಲೂ ಒಂದೇ. ಆಕೆಯನ್ನು ಮೂಲೆಯ ಜಾಗಕ್ಕೆ ಮರಳಿ ತಂದು ಕೂರಿಸಿದವಳು ಸುನಿಲ್ದಾ ಒಕಾಂಪೋಸ್. ಹಾಗೆ ಕೂರಿಸುವ ಮೊದಲು ಸಂತೆಯವರೆಲ್ಲರಂತೆ ಮೋಸಹೋದವಳೂ ಅವಳೇ.

ಸುನಿಲ್ದಾ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಕ ಚಿಕಿತ್ಸೆಯವಳು. ಮೆದುಳಿಗೆ ಪೆಟ್ಟು ಬಿದ್ದವರಿಗೆ ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು ಮೊದಲಾಗಿ ಹೊಟ್ಟೆಪಾಡಿನ ಕಸುಬಿನವರೆಗೆ, ಕೈತಪ್ಪಿದ ಒಂದೊಂದು ಕೆಲಸವನ್ನೂ ಮರಳಿ ಕೈಗೆ ಹಚ್ಚಿಕೊಡುವುದು ಅವಳ ವೃತ್ತಿ. ಅದರಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಆ ಹೆಸರಿನ ಬಗ್ಗೆ ತುಸು ಹೆಮ್ಮೆಯೂ ಇತ್ತು. ನಿಮಿಯಾ ರೊತೇಲಾಳನ್ನು ಅವಳು ಮೊದಲು ಕಂಡಾಗ ಆಕೆ ಕಣ್ಣು ತೆರೆದಿದ್ದರೂ ಯಾರನ್ನೂ ನೋಡದೆ ಮಲಗಿದ್ದಳು. ತಲೆಯ ಬಲಭಾಗಕ್ಕೆ ಹೊಲಿಗೆ ಬಿದ್ದಿತ್ತು. ಪಕ್ಕದಲ್ಲಿ ಮಗಳು ಅನಾಲಿಯಾ ತಾಯಿಯ ಕೈ ಹಿಡಿದುಕೊಂಡು, ಒಳಗೆ ಬಂದವರೆಲ್ಲರ ಮುಖದಲ್ಲಿ ಒಳ್ಳೆಯ ಸುದ್ದಿ ಹುಡುಕುತ್ತ ಕುಳಿತಿದ್ದಳು.

"ಅಮ್ಮ ಏನ್ ಕೆಲಸ ಮಾಡ್ತಿದ್ರು?" ಎಂದು ಸುನಿಲ್ದಾ ಕೇಳಿದಳು.

"ಸಂತೆ ಮೂಲೇಲಿ ಸೊಪ್ಪು ಮಾರ್ತಾಳೆ. ತಣ್ಣಗೆ ಕುಡಿಯೋ ತೆರೆರೆ ನೀರಿಗೆ ಕುಟ್ಟಿ ಹಾಕ್ತಾರಲ್ಲ, ಅದು."

"ಹಾಗಾದ್ರೆ ನಾಳೆ ಬರುವಾಗ ನಾಕು ಥರದ ಸೊಪ್ಪು ತಗೊಂಡ್ಬಾ. ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಕಟ್ಟು."

"ಒಳಗೆ ಏನೂ ತರಬಾರ್ದು ಅಂತ ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರನ್ನ ನಾನು ನೋಡ್ಕೋತೀನಿ. ಸೊಪ್ಪು ನೀನು ನೋಡ್ಕೊ."

ಸುನಿಲ್ದಾ ಕಿಟಕಿ ಮುಚ್ಚಿಸಿ, ದೂರದರ್ಶನದ ಸದ್ದು ಆರಿಸಿ, ಒಂದು ಹೊತ್ತಿಗೆ ಒಂದೇ ಕಟ್ಟನ್ನು ನಿಮಿಯಾಳ ಮೂಗಿನ ಬಳಿ ಹಿಡಿದಳು. ಮಧ್ಯೆ ಬೇಕಾದಷ್ಟು ಬಿಡುವು ಕೊಟ್ಟಳು. ಪೆಟ್ಟು ತಿಂದ ಮೆದುಳಿಗೆ ಉತ್ತರ ಹುಡುಕಲು ಹೊತ್ತು ಬೇಕು ಎಂಬುದು ಅವಳ ಅನುಭವ. ಪುದೀನಕ್ಕೆ ಏನೂ ಆಗಲಿಲ್ಲ. ನಿಂಬೆಹುಲ್ಲಿಗೆ ರೆಪ್ಪೆ ಅಲುಗಿದಂತಾಯಿತು. ಕೆಲವು ದಿನ ಹೀಗೇ ನಡೆಯಿತು. ಒಮ್ಮೆ ಅನಾಲಿಯಾ ಅವಸರದಲ್ಲಿ ಬಾಡಿ ಮುಗ್ಗಲು ಹಿಡಿದ ಪುದೀನದ ಕಟ್ಟನ್ನು ತಂದುಬಿಟ್ಟಳು. ಅದು ಹತ್ತಿರ ಬಂದದ್ದೇ ತಡ, ನಿಮಿಯಾಳ ಮೂಗು ಸುಕ್ಕುಗಟ್ಟಿತು. ಮುಖ ಮೆಲ್ಲಗೆ ಬಲಕ್ಕೆ ಹೊರಳಿತು.

"ಅಮ್ಮ ಬೈತಿದಾಳೆ," ಎಂದು ಅನಾಲಿಯಾ ಅತ್ತಳು. "ಹಳಸಿದ್ದು ತಂದ್ರೆ ಹೀಗೇ ಮುಖ ತಿರುಗಿಸೋದು."

"ಬೈಲಿ ಬಿಡು. ಬೈಯೋಕೂ ಎಚ್ಚರ ಬೇಕಲ್ಲ," ಎಂದಳು ಸುನಿಲ್ದಾ.

ಎಚ್ಚರ ಬಿರುಗಾಳಿಯಂತೆ ಬಂತು. ನಿಮಿಯಾ ಕೊಳವೆಗಳನ್ನು ಕಿತ್ತಳು, ದಾದಿಯ ಕೈ ಪರಚಿದಳು, ಮನೆಮಾತಾದ ಗ್ವಾರಾನಿಯಲ್ಲಿ ಬೈದ ಬೈಗುಳಕ್ಕೆ ಪಕ್ಕದ ಮಂಚದ ಮುದುಕ ಶಿಲುಬೆಯ ಗುರುತು ಹಾಕಿಕೊಂಡ. ಬಂಧುಗಳು ಗುಂಪಾಗಿ ಬಂದು ಸುತ್ತ ನಿಂತು ಎಲ್ಲರೂ ಒಟ್ಟಿಗೆ ಸಮಾಧಾನ ಹೇಳಿದಷ್ಟೂ ಆಕೆಯ ಕೆರಳಿಕೆ ಹೆಚ್ಚಿತು. ಸುನಿಲ್ದಾ ಅನಾಲಿಯಾಳೊಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿದಳು. ಆಮೇಲೆ ಮರದ ಒರಳೊಂದನ್ನು ತರಿಸಿ ಆಕೆಯ ಮಡಿಲಲ್ಲಿಟ್ಟು, ಬಲಗೈಗೆ ಕಿರು ಒನಕೆ ಕೊಟ್ಟಳು. ಬಲವಿಲ್ಲದೆ ಜೋತುಬಿದ್ದಿದ್ದ ಎಡಗೈಯನ್ನು ಎತ್ತಿ ಒರಳಿನ ಸುತ್ತ ಬಳಸಿಟ್ಟು, ಅದರ ಮೇಲೆ ತನ್ನ ಕೈ ಇಟ್ಟು ಒತ್ತಿ ಹಿಡಿದಳು.

ಕುಟ್ಟುವ ಸದ್ದು ಮೊದಲು ಎಡವಿತು, ಆಮೇಲೆ ಲಯ ಹಿಡಿಯಿತು. ಬೈಗುಳ ನಿಂತಿತು. ಮನಸ್ಸಿಗೆ ದಾರಿ ತೋರದಿದ್ದಾಗಲೂ ಕೈಗೆ ಹಳೆಯ ದಾರಿ ಗೊತ್ತಿರುತ್ತದೆ. ಆ ದಾರಿಯಲ್ಲೇ ಮನಸ್ಸನ್ನು ಹಿಂದೆ ಕರೆತರಬೇಕು ಎಂದು ಸುನಿಲ್ದಾ ಅನಾಲಿಯಾಳಿಗೆ ಹೇಳಿದಳೆಂದು ಸಂತೆಯವರು ಹೇಳುತ್ತಾರೆ.

ಮುಂದಿನ ತಿಂಗಳುಗಳಲ್ಲಿ ಅವಳಿಗೆ ರೋಗಿಗಿಂತ ಮಗಳೊಡನೆಯೇ ಹೆಚ್ಚು ಗುದ್ದಾಟವಾಯಿತು. ನಿಮಿಯಾ ಚಮಚದಲ್ಲಿ ತಲೆ ಬಾಚಲು ಹೊರಟಾಗ ಅನಾಲಿಯಾ ಚಮಚ ಕಸಿದುಕೊಳ್ಳುತ್ತಿದ್ದಳು. ಅಂಗಿಯ ಒಂದು ತೋಳು ಮಾತ್ರ ತೊಟ್ಟು ಕುಳಿತರೆ ತಾನೇ ಇನ್ನೊಂದನ್ನು ತೊಡಿಸಿಬಿಡುತ್ತಿದ್ದಳು. ಅನ್ನ ಕಲಸಿ ಬಾಯಿಗಿಡುತ್ತಿದ್ದಳು.

"ಅವಳ ಕೈಗೆ ಚಮಚ ಕೊಡು," ಎಂದು ಸುನಿಲ್ದಾ ಗದರಿದಳು.

"ಚೆಲ್ತಾಳೆ."

"ಚೆಲ್ಲಲಿ. ಒರೆಸೋಕೆ ಬಟ್ಟೆ ಇದೆ."

"ಹೆತ್ತ ತಾಯಿಗೆ ತುತ್ತು ಕೊಡೋಕೂ ನಿಮ್ಮಪ್ಪಣೆ ಬೇಕಾ? ಇವಳೊಬ್ಬಳು ಮಗಳಾ ಅಂತ ನಾಕು ಜನ ಆಡ್ಕೋಬೇಕಾ?"

"ನಾಕು ಜನ ಇವತ್ತು ಆಡ್ಕೋತಾರೆ, ನಾಳೆ ಮರೀತಾರೆ. ನೀನು ಕಸ್ಕೊಂಡ ಕೆಲಸ ಅವಳ ಕೈಗೆ ಮತ್ತೆ ಬರೋದಿಲ್ಲ. ಮೊಣಕೈ ಕೆಳಗೆ ನಿನ್ನ ಕೈ ಇಡು. ಅಷ್ಟೇ. ಎತ್ತೋದು ಅವಳು."

ಅನಾಲಿಯಾ ಮುನಿಸಿಕೊಂಡೇ ಮೊಣಕೈ ಹಿಡಿದಳು. ದಿನ ಕಳೆದಂತೆ ಆ ಕೈಯನ್ನೂ ತೆಗೆದಳು.

ಆ ಹೊತ್ತಿಗೆ ಸುನಿಲ್ದಾ ಇನ್ನೊಂದನ್ನೂ ಕಂಡುಕೊಂಡಿದ್ದಳು. ನಿಮಿಯಾ ತಟ್ಟೆಯ ಬಲಭಾಗದ್ದನ್ನು ಉಂಡು, ಎಡಭಾಗ ಹಾಗೇ ಇರುವಾಗ ಇನ್ನೂ ಹಸಿವೆನ್ನುತ್ತಿದ್ದಳು. ಆಕೆಯ ಕಣ್ಣಿಗೆ ಏನೂ ಆಗಿರಲಿಲ್ಲ. ಎಡಗಡೆಗೂ ಒಂದು ಲೋಕವಿದೆ ಎಂಬುದನ್ನೇ ಮೆದುಳು ಕೈಬಿಟ್ಟಿತ್ತು. ಸುನಿಲ್ದಾ ಮೇಜಿನ ಎಡ ಅಂಚಿಗೆ ಕೆಂಪು ಬಟ್ಟೆ ಕಟ್ಟಿ, ಅದು ಕಾಣುವವರೆಗೆ ತಲೆ ತಿರುಗಿಸಿ ಆಮೇಲೆ ಕೆಲಸ ಶುರುಮಾಡುವುದನ್ನು ರೂಢಿ ಮಾಡಿಸಿದಳು. ಮಳೆಗಾಲದ ಮೋಡದಂತೆ ಆ ದೋಷ ಮೆಲ್ಲನೆ ಚದುರಿತು. ಆಸ್ಪತ್ರೆಯ ನಿಶ್ಶಬ್ದ ಕೋಣೆಯಲ್ಲಿ, ಮೇಜಿನ ತುಂಬ ಹರಡಿದ ಸೊಪ್ಪುಗಳನ್ನು ನಿಮಿಯಾ ಎಡದ ತುದಿಯಿಂದ ಬಲದ ತುದಿಯವರೆಗೆ ಒಂದನ್ನೂ ಬಿಡದೆ ಹೆಸರಿಸಿ, ಯಾವುದು ಯಾವ ನೋವಿಗೆ, ಯಾರು ಕುಡಿಯಬಾರದು ಎಂದು ಹೇಳಿದ ದಿನ ಸುನಿಲ್ದಾ ಕೆಂಪು ಬಟ್ಟೆಯನ್ನು ಬಿಚ್ಚಿದಳು.

"ಇನ್ನು ಸಂತೆ," ಎಂದಳು.

ಸಂತೆಯವರ ಲೆಕ್ಕದಲ್ಲಿ ಗಡುವು ಎಂದರೆ ಆಗಸ್ಟ್ ಒಂದನೆಯ ತಾರೀಕು. ಅಂದು ಬೆಳಗ್ಗೆ ಊರಿಗೆ ಊರೇ ಬರಿಹೊಟ್ಟೆಯಲ್ಲಿ ಮೂರು ಗುಟುಕು ಕಾರ್ರುಲಿಂ ಕುಡಿಯುತ್ತದೆ: ಕಬ್ಬಿನ ಸಾರಾಯಿಗೆ ನಾಗದಾಳಿ ಸೊಪ್ಪು ಜಜ್ಜಿ ಹಾಕಿ, ನಿಂಬೆ ಹಿಂಡಿದ್ದು. ಬಡಕಲು ಹಸುವನ್ನೂ ಮುದುಕರನ್ನೂ ಅಲ್ಲಿನ ಚಳಿಯ ತಿಂಗಳಾದ ಆಗಸ್ಟ್ ಕೊಂಡೊಯ್ಯುತ್ತದೆಂದು ಗಾದೆ. ಕುಡಿದವರ ಕಡೆ ಅದು ಸುಳಿಯದು. ಸೊಪ್ಪಿನವರಿಗೆ ಅದೇ ವರ್ಷದ ದೊಡ್ಡ ದಿನ. ಆ ಸಂತೆಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಅಂದು ಯಾವ ಜಾಗದಲ್ಲಿ ಯಾರ ಒರಳು ಸದ್ದು ಮಾಡುವುದೋ ಮುಂದಿನ ಆಗಸ್ಟ್‌ವರೆಗೆ ಆ ಜಾಗ ಅವರದು.

"ಅಷ್ಟರೊಳಗೆ ಅಮ್ಮ ಒಬ್ಬಳೇ ವ್ಯಾಪಾರ ಮಾಡೋ ಹಾಗಾದ್ರೆ ಸರಿ," ಎಂದಳು ಅನಾಲಿಯಾ. "ಇಲ್ಲಾಂದ್ರೆ ಮೂಲೆ ಚಿಕ್ಕಮ್ಮನಿಗೆ. ನನಗೆ ಹೊಲಿಗೆ ಕಾರ್ಖಾನೇಲಿ ಇನ್ನು ರಜ ಕೊಡಲ್ಲ. ಯಾರಿಗೋ ಕೊಡಬಾರದ ಸೊಪ್ಪು ಕೊಟ್ಟು ಹೆಚ್ಚುಕಮ್ಮಿ ಆದ್ರೆ ಮುಖ ಎಲ್ಲಿಡೋದು?"

ನಿಮಿಯಾ ಕೇಳಿಸಿಕೊಂಡಳು. "ಆ ಮೂಲೇಲಿ ನನ್ನಮ್ಮ ಕೂತಿದ್ಲು," ಎಂದಷ್ಟೇ ಹೇಳಿ ಕುಟ್ಟುವುದನ್ನು ಮುಂದುವರಿಸಿದಳು.

ಆಗಸ್ಟ್‌ಗೆ ಇನ್ನೂ ಹಲವು ವಾರಗಳಿರುವಾಗ ನಿಮಿಯಾ ಮರಳಿ ಸಂತೆಗೆ ಬಂದ ಮೊದಲ ಬೆಳಗ್ಗೆ ಪರಿಚಿತರೆಲ್ಲ ಅರ್ಧಚಂದ್ರವಾಗಿ ಕುಳಿತರು. ಬಲಕ್ಕೆ ನಿಂಬೆ ಮಾರುವ ದೋನ್ ಇಸಾಬೆಲಿನೊ, ಎದುರಿಗೆ ಅನಾಲಿಯಾ ಮತ್ತು ಸುನಿಲ್ದಾ, ಎಡಕ್ಕೆ ಪಕ್ಕದಂಗಡಿಯ ನ್ಯಾ ಒಬ್ದುಲಿಯಾ. ನಿಮಿಯಾಳಿಗೂ ಒಬ್ದುಲಿಯಾಳಿಗೂ ಕೊಡೆಯ ನೆರಳಿನ ವಿಚಾರವಾಗಿ ಎಷ್ಟೋ ವರ್ಷಗಳ ಜಗಳ. ಆದರೂ ಒಂದೇ ಲೋಟದಲ್ಲಿ ಸರದಿಯಂತೆ ತೆರೆರೆ ಕುಡಿಯುವುದು ನಿಂತಿರಲಿಲ್ಲ. ನೀರಿನ ಸರದಿ ತಪ್ಪಿಸುವಷ್ಟು ದೊಡ್ಡ ಜಗಳ ಆ ಊರಿನಲ್ಲಿ ಕೊಲೆಯೊಂದೇ.

ನಿಮಿಯಾ ಪುದೀನ ಕುಟ್ಟಿ, ತಣ್ಣೀರಿನ ಹೂಜಿಗೆ ಹಾಕಿ, ಕೊಂಬಿನ ಲೋಟಕ್ಕೆ ನೀರೆರೆದಳು. ಲೋಟ ದೋನ್ ಇಸಾಬೆಲಿನೊನ ಕೈಗೆ ಹೋಗಿ ಮರಳಿತು, ಅನಾಲಿಯಾಳಿಗೆ, ಸುನಿಲ್ದಾಳಿಗೆ. ಅಲ್ಲಿಂದ ಎಡಕ್ಕೆ ಹೋಗಬೇಕಾದದ್ದು ಮತ್ತೆ ದೋನ್ ಇಸಾಬೆಲಿನೊನ ಕೈ ಸೇರಿತು. ಒಬ್ದುಲಿಯಾ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಎರಡನೆಯ ಸುತ್ತಿನಲ್ಲೂ ಹಾಗೇ ಆಯಿತು.

"ನಾನು ಬದುಕಿದ್ದೀನೋ ಇಲ್ವೋ ಯಾರಾದ್ರೂ ಮುಟ್ಟಿ ನೋಡಿ ಹೇಳ್ರಪ್ಪ," ಎಂದಳು ಒಬ್ದುಲಿಯಾ. "ಒಳ್ಳೇದಾಯ್ತು. ತಲೆ ಒಡೆದ್ರೂ ಒಳಗಿನ ವಿಷ ಚೆಲ್ಲಿಲ್ಲ." ಮಣೆ ಎತ್ತಿಕೊಂಡು ಎದ್ದು ಹೋಗಿ, ತನ್ನ ಅಂಗಡಿಯನ್ನೇ ತಿರುಗಿಸಿ ನಿಮಿಯಾಳಿಗೆ ಬೆನ್ನು ಮಾಡಿ ಕುಳಿತಳು.

ಸುನಿಲ್ದಾಳಿಗೆ ನಗು ತಡೆಯಲಾಗಲಿಲ್ಲ. "ನೋಡಿದ್ಯಾ?" ಎಂದು ಅನಾಲಿಯಾಳ ಪಕ್ಕೆ ತಿವಿದಳು. "ಹಗೆ ಯಾರ ಮೇಲೆ, ಎಷ್ಟು ಅಂತ ಎಲ್ಲಾ ನೆನಪಿದೆ. ಸಿಟ್ಟು ಇಷ್ಟು ದಿನ ಹಿಡಿದಿಟ್ಟು ಸರಿಯಾದ ಹೊತ್ತಿಗೆ ತೀರಿಸಿದಾಳೆ. ಇದಕ್ಕಿಂತ ಆರೋಗ್ಯ ಬೇಕಾ?"

ಅವಳೂ ಆ ನೀರು ಕುಡಿದು ಬೆಳೆದವಳು. ಸರದಿ ತಪ್ಪಿಸುವುದೆಂದರೆ ಬೇಕೆಂದೇ ಮಾಡುವ ಅವಮಾನ ಎಂಬುದು ಅವಳ ಎಲುಬಿನಲ್ಲೇ ಇತ್ತು. ಆ ತಿಳಿವಳಿಕೆ ಓದಿದ ವಿದ್ಯೆಯ ಕಣ್ಣಿಗೆ ಬಟ್ಟೆ ಕಟ್ಟಿತು. ತಾನು ಗೆದ್ದೆನೆಂದುಕೊಂಡು ಸುನಿಲ್ದಾ ಆಸ್ಪತ್ರೆಗೆ ಹೋಗಿ ಬೇರೆ ರೋಗಿಗಳಲ್ಲಿ ಮುಳುಗಿದಳು.

ವಾರ ಕಳೆಯುವುದರೊಳಗೆ ಅನಾಲಿಯಾ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು.

"ಮೂಲೆ ಚಿಕ್ಕಮ್ಮನಿಗೆ ಕೊಟ್ಬಿಡ್ತೀನಿ."

"ಯಾಕೆ? ಯಾರಿಗಾದ್ರೂ ಏನಾದ್ರೂ ಆಯ್ತಾ?"

"ನನ್ನ ಧರ್ಮತಾಯಿ ಬಂದಿದ್ಲು. ಜ್ಞಾನಸ್ನಾನದ ದಿನ ನನ್ನ ಎತ್ಕೊಂಡು ನಿಂತೋಳು. ಅಮ್ಮನಿಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಪುದೀನ ಕೊಡು ಅಂತ ಎಷ್ಟು ಕೇಳಿದ್ರೂ ಅಮ್ಮ ತಿರುಗಿ ನೋಡ್ಲಿಲ್ಲ. ಅತ್ಕೊಂಡು ಹೋದ್ಲು ಪಾಪ. ಅವರಿಬ್ಬರಿಗೆ ಜನ್ಮದಲ್ಲೇ ಜಗಳ ಇಲ್ಲ. ಅಮ್ಮನ ಮನಸ್ಸೇ ಕೆಟ್ಟುಹೋಗಿದೆ."

"ಧರ್ಮತಾಯಿ ಯಾವ ಕಡೆ ನಿಂತಿದ್ರು?" ಎಂದು ಸುನಿಲ್ದಾ ಕೇಳಿದಳು.

ಅನಾಲಿಯಾ ಕೈ ತೋರಿಸಿದಳು. ಎಡಗೈ.

ಮರುದಿನ ಬೆಳಗ್ಗೆ ಸುನಿಲ್ದಾ ಸದ್ದಿಲ್ಲದೆ ಬಂದು ಒಬ್ದುಲಿಯಾ ಕುಳಿತಿದ್ದ ಜಾಗದಲ್ಲೇ ಕುಳಿತಳು. ಸಂತೆ ಏರುಹೊತ್ತಿನಲ್ಲಿತ್ತು: ಕೈಗಾಡಿಗಳ ಕಿರುಚು, ಕೋಳಿ ಮಾರುವವನ ಕೂಗು, ಬಸ್ಸುಗಳ ಹಾರನ್ನು. ಲೋಟ ಸುತ್ತು ಹೊರಟಿತು. ಅವಳನ್ನು ಮುಟ್ಟದೆ ಹಿಂದಿರುಗಿತು. ಮತ್ತೆ ಹೊರಟಿತು, ಮತ್ತೆ ಹಿಂದಿರುಗಿತು. ಅವಳ ಮೇಲೆ ನಿಮಿಯಾಳಿಗೆ ಯಾವ ಹಗೆಯೂ ಇರಲಿಲ್ಲ. ನಿಶ್ಶಬ್ದ ಕೋಣೆಯಲ್ಲಿ ಅಳಿದುಹೋದಂತಿದ್ದ ದೋಷ ಇಷ್ಟು ಗದ್ದಲದ ನಡುವೆ ಮರಳಿ ಮೈದೋರಿತ್ತು; ಅದನ್ನು ಸುನಿಲ್ದಾ ಹಗೆಯೆಂದು ಬಗೆದು ಮೆಚ್ಚಿದ್ದಳು. ಸುನಿಲ್ದಾಳ ಕಿವಿ ಬಿಸಿಯಾಯಿತು. ಆದರೆ ಕಾರಣ ಸಿಕ್ಕಿತ್ತು, ಸಿಕ್ಕ ಕಾರಣಕ್ಕೆ ಮದ್ದು ಅವಳಿಗೆ ಗೊತ್ತಿತ್ತು.

"ನ್ಯಾ ನಿಮಿಯಾ, ಇವತ್ತು ಯಾರ್ಯಾರು ಕೂತಿದಾರೆ?"

"ದೋನ್ ಇಸಾಬೆಲಿನೊ, ಮಗಳು, ಅಷ್ಟೇ. ನಿನ್ನ ದನಿ ಕೇಳ್ತು. ಎಲ್ಲಿದ್ದೀಯ?"

"ಎಡಗೈನ ಹಲಗೆ ಮೇಲೆ ಜಾರಿಸ್ತಾ ಬನ್ನಿ. ಇನ್ನೂ. ಇನ್ನೂ ಸ್ವಲ್ಪ."

ಬೆರಳು ಸುನಿಲ್ದಾಳ ಮೊಣಕಾಲಿಗೆ ತಾಗಿತು. ಕೈಯ ಹಿಂದೆ ಕಣ್ಣು ಬಂತು. ನಿಮಿಯಾ ಬೆಚ್ಚಿದಳು. "ಯಾವಾಗ ಬಂದೆ?"

"ಆಗಲೇ ಬಂದೆ. ಲೋಟ ನೋಡ್ತಾ ನೋಡ್ತಾ ಗಂಟಲು ಒಣಗಿಹೋಯ್ತು."

ಮುಚ್ಚಿಡುವುದರಿಂದ ಲಾಭವಿಲ್ಲವೆಂದು ಸುನಿಲ್ದಾ ಎಲ್ಲವನ್ನೂ ಬಿಡಿಸಿ ಹೇಳಿದಳು. ನಿಮಿಯಾ ಒನಕೆ ಕೆಳಗಿಟ್ಟು ಕೇಳಿದಳು.

"ಯಾರ್ಯಾರನ್ನ ಬಿಟ್ಟೆ ನಾನು?"

"ನ್ಯಾ ಒಬ್ದುಲಿಯಾನ."

"ಅದು ಪರವಾಗಿಲ್ಲ. ಇನ್ಯಾರನ್ನ?"

ಧರ್ಮತಾಯಿಯ ಹೆಸರು ಕೇಳಿ ಆಕೆ ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಅಲ್ಲಿದ್ದದ್ದನ್ನೆಲ್ಲ ಹೊಸದಾಗಿ ಕಂಡವಳಂತೆ ನೋಡಿದಳು: ತನ್ನದೇ ಬುಟ್ಟಿಗಳು, ಅವುಗಳ ಆಚೆ ಒಬ್ದುಲಿಯಾಳ ಬೆನ್ನು. "ಏನ್ ಮಾಡ್ಬೇಕು ಹೇಳು," ಎಂದಳು.

ಕೆಂಪು ಬಟ್ಟೆ ಇಲ್ಲಿ ನಡೆಯದು; ಸಂತೆಯಲ್ಲಿ ಬಣ್ಣಕ್ಕೇನು ಬರ. ಎಡದಿಂದ ಕರೆಯುವ ಸದ್ದೊಂದು ಬೇಕಿತ್ತು, ಸಂತೆಯ ಗದ್ದಲಕ್ಕೆ ಬಗ್ಗದ ಸದ್ದು. ಸುನಿಲ್ದಾ ಎದ್ದು ಒಬ್ದುಲಿಯಾಳ ಮುಂದೆ ಹೋಗಿ ನಿಂತು ವಿಷಯ ಹೇಳಿದಳು.

"ಎಡಗಡೆ ಕಾಣಲ್ವಂತೆ," ಎಂದಳು ಒಬ್ದುಲಿಯಾ. "ನನ್ನ ಕಂಡ್ರೆ ಅವಳಿಗೆ ಬಲಗಡೆನೂ ಕಾಣಲ್ಲ ಕಣಮ್ಮ. ಬೈಕು ಬಡಿಯೋಕೆ ಮುಂಚೆನೂ ಹಂಗೇ."

"ನೀವು ಬಂದು ಬಲಕ್ಕೆ ಕೂತ್ಕೊಳ್ಳಿ. ನೀರು ಕೊಡದಿದ್ರೆ ನನ್ನ ಮಾತು ಸುಳ್ಳು."

ಸುಳ್ಳನ್ನು ಬಯಲು ಮಾಡಲೆಂದೇ ಒಬ್ದುಲಿಯಾ ಬಂದಳು. ದೋನ್ ಇಸಾಬೆಲಿನೊ ಎದ್ದು ಜಾಗ ಬಿಟ್ಟ. ನಿಮಿಯಾ ಮೊದಲ ಲೋಟವನ್ನೇ ಆಕೆಯ ಕೈಗಿಟ್ಟು, "ಕುಡಿ. ನೆರಳು ಕದ್ದು ಕದ್ದು ಬಾಯಾರಿರಬೇಕು," ಎಂದಳು.

ಒಬ್ದುಲಿಯಾ ತಳ ಕಾಣುವವರೆಗೆ ಹೀರಿದಳು. ಎದ್ದು ಮಣೆಯನ್ನು ಎಡಕ್ಕೆ ಒಯ್ದು ಕುಳಿತಳು. ಲೋಟ ಆಕೆಯನ್ನು ದಾಟಿಹೋದಾಗ ಈ ಸಲ ಕೈ ಚಾಚಲಿಲ್ಲ. ನಿಮಿಯಾಳ ಮುಖವನ್ನೇ ದಿಟ್ಟಿಸಿದಳು. ಆ ಮುಖದಲ್ಲಿ ಕಪಟವಿರಲಿಲ್ಲ.

"ಅಯ್ಯೋ ಪುಣ್ಯಾತ್ಗಿತ್ತಿ," ಎಂದು ಮೆಲ್ಲಗೆ ಹೇಳಿ, ತನ್ನ ಒರಳನ್ನು ಎಳೆದುಕೊಂಡು ಒನಕೆಯಿಂದ ಅದರ ಅಂಚಿಗೆ ಠಣ್ಣನೆ ಹೊಡೆದಳು. ನಿಮಿಯಾಳ ತಲೆ ಎಡಕ್ಕೆ ತಿರುಗಿತು. "ಲೋಕ ಈ ಕಡೆನೂ ಇದೆ ಕಣೇ. ನಾನೂ ಇದ್ದೀನಿ, ನಿನ್ನ ದುರದೃಷ್ಟ."

ಅಂದಿನಿಂದ ಅದೇ ಚಿಕಿತ್ಸೆಯಾಯಿತು. ಯಾವ ಕೆಲಸವನ್ನೂ ಎಡದಿಂದಲೇ ಶುರುಮಾಡಬೇಕೆಂದು ಸುನಿಲ್ದಾ ನಿಮಿಯಾಳ ಒರಳನ್ನು ಹಲಗೆಯ ಎಡ ತುದಿಗೆ ಸರಿಸಿದಳು. ಕುಟ್ಟಲು ಕೈ ಅತ್ತ ಹೋದರೆ ಕಣ್ಣೂ ಹೋಗಲೇಬೇಕು. ಗಿರಾಕಿ ಎಡಕ್ಕೆ ಬಂದು ನಿಂತಾಗ, ಲೋಟ ದಾಟಿದಾಗ ಒಬ್ದುಲಿಯಾ ಒರಳು ಬಡಿಯುತ್ತಿದ್ದಳು. ಜೊತೆಗೆ ನಾಲಗೆಗೂ ಸಾಣೆ ಹಿಡಿದಳು: "ಏ ಅರ್ಧ ಚಂದ್ರ, ಇತ್ತ ಬೆಳಗು." "ಬಲಗಡೆ ಗಂಡ ಇದ್ದಾನೇನೇ, ಅತ್ತಲೇ ನೋಡ್ತೀಯ?" ನಿಮಿಯಾಳೂ ಬಿಡುತ್ತಿರಲಿಲ್ಲ. ಧರ್ಮತಾಯಿಯನ್ನು ಮನೆಗೇ ಹೋಗಿ ಕರೆತಂದು ಎಡಕ್ಕೆ ಕೂರಿಸಿಕೊಂಡಳು. ಬರಬರುತ್ತ, ಬಡಿಯುವ ಮೊದಲು, ನಿಮಿಯಾ ತಾನಾಗಿ ತಿರುಗುವಳೋ ಎಂದು ತುಸು ಕಾಯಬೇಕೆಂದು ಸುನಿಲ್ದಾ ಒಬ್ದುಲಿಯಾಳಿಗೆ ಹೇಳಿಕೊಟ್ಟಳು. ಕಾಯುವುದು ಬಡಿಯುವುದಕ್ಕಿಂತ ಕಷ್ಟವೆಂದು ಆಕೆ ಗೊಣಗಿದಳು. ಜುಲೈ ಮುಗಿಯುವ ಹೊತ್ತಿಗೆ ಒರಳು ಬಡಿಯುವ ಪ್ರಸಂಗ ಅಪರೂಪವಾಗಿತ್ತು. ಆದರೆ ಆಗಸ್ಟ್ ಒಂದರ ಗದ್ದಲ ಬೇರೆಯೇ ಎಂದು ಅನಾಲಿಯಾಳಿಗೆ ಭಯವಿತ್ತು. ಅದು ಸುಳ್ಳು ಭಯವೆಂದು ಸುನಿಲ್ದಾ ಹೇಳಲಿಲ್ಲ.

ಆ ದಿನ ಚಳಿಗಾಳಿ ಬೀಸುತ್ತಿತ್ತು. ಬೆಳಕು ಹರಿಯುವ ಮೊದಲೇ ಸಂತೆಯಲ್ಲಿ ಭುಜ ಭುಜಕ್ಕೆ ತಾಗುವಷ್ಟು ಜನ. ಅನಾಲಿಯಾ ಸೊಂಟಕ್ಕೆ ಮೇಲುಬಟ್ಟೆ ಕಟ್ಟಿ, ತಾಯಿ ಸೋತರೆ ತಾನೇ ಕೂರಲು ಸಿದ್ಧಳಾಗಿ ಹಿಂದೆ ನಿಂತಳು. ಸುನಿಲ್ದಾ ಎದುರಿಗೆ ನಿಂತಳು. ನಿಮಿಯಾ ನಾಗದಾಳಿ ಜಜ್ಜಿದಳು, ನಿಂಬೆ ಹಿಂಡಿದಳು, ಸಾರಾಯಿ ಎರೆದಳು. ಎಡಕ್ಕೊಬ್ಬರು, ಎದುರಿಗೊಬ್ಬರು, ಬಲಕ್ಕೊಬ್ಬರು ಬಂದು ಕುಡಿದು ಹೋದರು.

ಆಗ ಎಡಗಡೆಯ ನೂಕುನುಗ್ಗಲಿನಿಂದ ಒಂದು ಕೈ ಮುಂದೆ ಬಂತು. "ನನಗೂ ಮೂರು ಗುಟುಕು, ಬೇಗ ಕೊಡಿ ಅಮ್ಮ, ಬಸ್ಸಿಗೆ ಹೊತ್ತಾಯ್ತು." ಕೈ ಒಂದು ಬಿಟ್ಟರೆ ಉಳಿದದ್ದೆಲ್ಲ ದಪ್ಪ ಉಣ್ಣೆಯ ಹೊದಿಕೆಯೊಳಗೆ. ನಿಮಿಯಾಳ ಬಲಗೈಯಲ್ಲಿ ತುಂಬಿದ ಲೋಟ ಸಿದ್ಧವಿತ್ತು. ಚಾಚಿದ ಕೈಗೆ ಇಟ್ಟುಬಿಟ್ಟರೆ ಮುಗಿಯುತ್ತಿತ್ತು. ಸುನಿಲ್ದಾ ಎದುರಿನಿಂದ ಹೊದಿಕೆಯ ಕೆಳಗಿನ ಉಬ್ಬನ್ನು ಕಂಡಳು. ಬಸುರಿಗೆ ನಾಗದಾಳಿ ಕೂಡದು. ಅವಳ ಕೈ ತಾನಾಗಿ ಮೇಲೆದ್ದಿತು. ಒಬ್ದುಲಿಯಾಳ ಒನಕೆಯೂ ಗಾಳಿಯಲ್ಲಿತ್ತು. ಕಾಯಿರಿ ಎಂದು ಸುನಿಲ್ದಾ ಒಬ್ದುಲಿಯಾಳಿಗೆ ಕಣ್ಣಿನಲ್ಲೇ ಹೇಳಿದಳು; ತನ್ನ ಕೈಗೂ ಅದನ್ನೇ ಹೇಳಿಕೊಂಡಳು.

ನಿಮಿಯಾ ಲೋಟ ಕೊಡಲಿಲ್ಲ. ತಲೆಯನ್ನು ಎಡಕ್ಕೆ ತಿರುಗಿಸಿ, ಚಾಚಿದ ಕೈಯಿಂದ ತೋಳಿಗೆ, ತೋಳಿನಿಂದ ಮುಖಕ್ಕೆ, ಮುಖದಿಂದ ಕೆಳಗೆ ನಿಧಾನವಾಗಿ ನೋಡುತ್ತ ಬಂದಳು.

"ಎಷ್ಟು ತಿಂಗಳು?"

"ಆರು."

"ಹಾಗಾದ್ರೆ ಇದು ನಿನಗಲ್ಲ ಮಗಳೇ."

"ಮೂರೇ ಗುಟುಕಲ್ವಾ," ಎಂದ ಹಿಂದಿನವನೊಬ್ಬ. "ಕುಡೀದೆ ಹೋದ್ರೆ ಆಗಸ್ಟ್ ಬಿಡುತ್ತಾ?"

"ಆಗಸ್ಟ್ ಬಂದ್ರೆ ಈ ಮೂಲೆಗೆ ಕಳಿಸು, ನಾನು ಮಾತಾಡ್ತೀನಿ. ನೀನು ಬಸುರಿಯಾಗಿದ್ರೆ ನಿನಗೂ ಕೊಡ್ತಿರ್ಲಿಲ್ಲ." ಜನ ನಕ್ಕರು. ನಿಮಿಯಾ ಬರಿಯ ನಿಂಬೆಯ ನೀರನ್ನು ಬೆರೆಸಿ ಹೆಂಗಸಿನ ಕೈಗೆ ಕೊಟ್ಟಳು. ಎಡಗೈಯಿಂದ, ನಿಧಾನವಾಗಿಯಾದರೂ ಬಿಗಿಯಾಗಿ ಹಿಡಿದು, ನಾಗದಾಳಿಯ ಒಂದು ಕಡ್ಡಿಯನ್ನು ದಾರದಲ್ಲಿ ಸುತ್ತಿದಳು. "ಇದು ಬಾಗಿಲಿಗೆ ಕಟ್ಟೋಕೆ. ಬಾಯಿಗಲ್ಲ. ಹೋಗು, ಬಸ್ಸು ಹಿಡಿ."

ಒಬ್ದುಲಿಯಾ ಎತ್ತಿದ ಒನಕೆಯನ್ನು ಸುಮ್ಮನೆ ಇಳಿಸಲಾಗದೆ ತನ್ನ ಸೊಪ್ಪನ್ನೇ ಕುಟ್ಟತೊಡಗಿದಳು. ಅನಾಲಿಯಾ ತಾಯಿಯ ಬೆನ್ನನ್ನು ನೋಡುತ್ತ ಇನ್ನೂ ಇಬ್ಬರು ಗಿರಾಕಿಗಳು ಹೋಗುವವರೆಗೆ ನಿಂತಿದ್ದಳು. ಆಮೇಲೆ ಸೊಂಟದ ಬಟ್ಟೆ ಬಿಚ್ಚಿ, ಮಡಿಸಿ ಬುಟ್ಟಿಯ ಮೇಲಿಟ್ಟು, "ಕಾರ್ಖಾನೆಗೆ ಹೊತ್ತಾಯ್ತಮ್ಮ, ನಾನು ಬರ್ತೀನಿ," ಎಂದಳು.

"ಹೋಗಿ ಬಾ," ಎಂದಳು ನಿಮಿಯಾ. ಆಮೇಲೆ ಎದುರಿಗಿದ್ದ ಸುನಿಲ್ದಾಳನ್ನು ನೋಡಿ, "ನೀನ್ಯಾಕೆ ದಾರಿಗಡ್ಡ ಕಂಬದ ಹಾಗೆ ನಿಂತಿದ್ದೀಯ? ಕುಡಿಯೋದಿದ್ರೆ ಸಾಲಿಗೆ ಬಾ. ಗಿರಾಕಿಗಳು ಕಾಯ್ತಿದಾರೆ."

ಸುನಿಲ್ದಾ ದಾರಿ ಬಿಟ್ಟು, ಸಾಲಿನ ಕೊನೆಗೆ ಹೋಗಿ ನಿಂತಳು.